ರೋಮ್ ಏರ್‌ಪೋರ್ಟ್‌ನಿಂದ ಚಿವಿಟಾವೆಕ್ಕಿಯಾ ಬಂದರಿಗೆ: ಲಗೇಜ್ ಜಾಸ್ತಿ, ಕಾರು ಬೇಡ, ಖರ್ಚು ಕಡಿಮೆ ಆಗಬೇಕು

‘ಅಲೆಗಳ ಜೊತೆ’ ಹೆಸರಿನ ಸದಸ್ಯರು ಕೇಳಿದ್ದು:

ನಾವು ನಾಲ್ಕು ಜನ, ಅದರಲ್ಲಿ ಇಬ್ಬರು ಅರವತ್ತು ದಾಟಿದ ಹಿರಿಯರು. ವಿಮಾನ ಮಧ್ಯಾಹ್ನ ಫಿಯುಮಿಚಿನೋದಲ್ಲಿ ಇಳಿಯುತ್ತದೆ. ಹಡಗು ಮಾರನೇ ದಿನ ಸಂಜೆ 5ಕ್ಕೆ ಚಿವಿಟಾವೆಕ್ಕಿಯಾದಿಂದ ಹೊರಡುತ್ತದೆ. ದೊಡ್ಡ ಸೂಟ್‌ಕೇಸ್ ನಾಲ್ಕು, ಜೊತೆಗೆ ಕೈಚೀಲಗಳು. ಕ್ರೂಸ್ ಕಂಪನಿಯವರ ಬಸ್ಸಿಗೆ ತಲೆಗಿಷ್ಟು ಅಂತ ದರ, ನಾಲ್ಕು ಜನಕ್ಕೆ ತುಂಬಾ ಆಗುತ್ತಿದೆ. ಬಾಡಿಗೆ ಕಾರು ಓಡಿಸುವ ಯೋಚನೆ ಇಲ್ಲ. ಕೇಳಬೇಕಾದ್ದು ಮೂರು:

1. ರೈಲಿನಲ್ಲಿ ಇಷ್ಟು ಲಗೇಜ್ ಇಟ್ಟುಕೊಂಡು ಹೋಗಲು ಆಗುತ್ತದಾ? ಯಾವ ದಾರಿ?
2. ಸ್ಟೇಷನ್ನಿನಿಂದ ಹಡಗಿನವರೆಗೆ ಹೇಗೆ?
3. ವಾಪಸ್ ಬರುವ ದಿನ ಮಧ್ಯಾಹ್ನ 1ಕ್ಕೆ ವಿಮಾನ. ರೈಲು ನಂಬಬಹುದಾ?

---

ಹಳಿ ಬದಲು ಬರೆದದ್ದು:

ಮೊದಲನೇ ಪ್ರಶ್ನೆಗೆ ಹೇಳ್ತೀನಿ. ಆಗುತ್ತದೆ, ಆದರೆ ರೋಮ್‌ನ ಮುಖ್ಯ ಸ್ಟೇಷನ್ ಟರ್ಮಿನಿಗೆ ಹೋಗಬೇಡಿ.

ಏರ್‌ಪೋರ್ಟ್ ಸ್ಟೇಷನ್ನಿನಲ್ಲಿ ಎದ್ದು ಕಾಣುವ ಹೆಸರು ಲಿಯೊನಾರ್ಡೊ ಎಕ್ಸ್‌ಪ್ರೆಸ್. ಅದು ನಡುವೆ ಎಲ್ಲೂ ನಿಲ್ಲದೆ ಟರ್ಮಿನಿಗೆ ಹೋಗುತ್ತದೆ, ತಲೆಗೆ 14 ಯೂರೋ. ಅಲ್ಲಿ ಇಳಿದ ಮೇಲೆ ಚಿವಿಟಾವೆಕ್ಕಿಯಾ ರೈಲು ಹೆಚ್ಚಾಗಿ 25ರ ಆಚೆಯ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತದೆ. ಮುಖ್ಯ ಹಾಲ್‌ನಿಂದ ಅಲ್ಲಿಗೆ ಹಳಿಗಳ ಪಕ್ಕದಲ್ಲೇ ಉದ್ದಕ್ಕೆ ನಡೆಯಬೇಕು, ಲಗೇಜ್ ಎಳೆದುಕೊಂಡು ಆರಾಮಾಗಿ ಹತ್ತು ನಿಮಿಷ ಬೇಕು. ದುಡ್ಡೂ ಹೆಚ್ಚು, ನಡಿಗೆಯೂ ಹೆಚ್ಚು, ಮೇಲಾಗಿ ಬಂದ ದಿಕ್ಕಿಗೇ ತಿರುಗಿ ಹೋದಂತೆ.

ಅದರ ಬದಲು ಎಫ್‌ಎಲ್1 ಲೋಕಲ್ ರೈಲು ಹತ್ತಿ ಟ್ರಾಸ್ಟೆವೆರೆ ಸ್ಟೇಷನ್ನಿನಲ್ಲಿ ಇಳಿಯಿರಿ. ತಲೆಗೆ 8 ಯೂರೋ, ಅರ್ಧ ಗಂಟೆಯೊಳಗೆ ತಲುಪುತ್ತದೆ. ವಾರದ ದಿನಗಳಲ್ಲಿ ಸಾಮಾನ್ಯವಾಗಿ 15 ನಿಮಿಷಕ್ಕೊಂದು, ರಜೆ ದಿನ ಅರ್ಧ ಗಂಟೆಗೊಂದು. ಬೋರ್ಡ್‌ನಲ್ಲಿ ‘ರೋಮ್’ ಅಂತ ಹುಡುಕಿದರೆ ಈ ರೈಲು ಸಿಗುವುದಿಲ್ಲ. ಅದು ಊರು ದಾಟಿ ಮುಂದೆ ಹೋಗುವ ರೈಲಾದ್ದರಿಂದ ಒರ್ತೆ, ಫಾರಾ ಸಬೀನಾ, ಪೋಜ್ಜೊ ಮಿರ್ತೆತೊ ಇಂಥ ಹೆಸರು ಇರುತ್ತದೆ. ಟ್ರಾಸ್ಟೆವೆರೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ ಮುಂದಿನ ರೈಲು ಹಿಡಿಯಿರಿ. ಅಲ್ಲೂ ಬೋರ್ಡಿನ ಮೇಲೆ ಚಿವಿಟಾವೆಕ್ಕಿಯಾ ಅಂತಲೇ ಇರಬೇಕಿಲ್ಲ. ಗ್ರೊಸ್ಸೆಟೊ ಅಥವಾ ಪೀಸಾಗೆ ಹೋಗುವ ಪ್ರಾದೇಶಿಕ ರೈಲುಗಳೂ ಅದೇ ದಾರಿ. ಇನ್ನೊಂದು ಗಂಟೆ ಹಿಡಿಯಿರಿ, ಟಿಕೆಟ್ ಸುಮಾರು 5 ಯೂರೋ.

ಇಟಲಿಯ ರೈಲು ಕಂಪನಿ ಟ್ರೆನಿತಾಲಿಯಾದ ಆ್ಯಪ್‌ನಲ್ಲಿ ಏರ್‌ಪೋರ್ಟ್‌ನಿಂದ ಚಿವಿಟಾವೆಕ್ಕಿಯಾಗೆ ಒಂದೇ ಟಿಕೆಟ್ ಹುಡುಕಿ, ಟ್ರಾಸ್ಟೆವೆರೆಯಲ್ಲಿ ಬದಲಾಗುವುದನ್ನು ಆರಿಸಿ. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನ ಪುಟ್ಟ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು. ಫೋನ್ ಟಿಕೆಟ್ ಆದರೆ ಹತ್ತುವ ಮೊದಲು ಆ್ಯಪ್‌ನಲ್ಲಿ ಚೆಕ್‌ಇನ್ ಒತ್ತಬೇಕು. ಇದನ್ನು ಬಿಟ್ಟರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ.

ಈಗ ಲಗೇಜ್ ವಿಷಯ. ಪ್ರಾದೇಶಿಕ ರೈಲಿನಲ್ಲಿ ತೂಕ ನೋಡುವವರಿಲ್ಲ, ಸೀಟ್ ನಂಬರೂ ಇಲ್ಲ. ಎಷ್ಟೋ ಗಾಡಿಗಳು ಎರಡಂತಸ್ತಿನವು. ಬಾಗಿಲು ದಾಟಿದೊಡನೆ ಮೆಟ್ಟಿಲು, ಮೇಲಕ್ಕೊಂದು ಕೆಳಕ್ಕೊಂದು. ಸೂಟ್‌ಕೇಸ್ ಹೊತ್ತು ಹತ್ತಲು ಹೋಗದೆ ಬಾಗಿಲ ಹತ್ತಿರದ ಖಾಲಿ ಜಾಗದಲ್ಲೇ ಒತ್ತಾಗಿ ನಿಲ್ಲಿಸಿ, ಒಬ್ಬರು ಅಲ್ಲೇ ನಿಲ್ಲಿ. ಹತ್ತುವಾಗ ಒಬ್ಬರು ಮೊದಲು ಒಳಗೆ ಹೋಗಿ ನಿಲ್ಲಲಿ, ಇನ್ನೊಬ್ಬರು ಕೆಳಗಿನಿಂದ ಒಂದೊಂದಾಗಿ ಕೊಡಲಿ, ಹಿರಿಯರು ಕೊನೆಗೆ. ಟ್ರಾಸ್ಟೆವೆರೆಯಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ವಿಲ್ಲಾ ಬೊನೆಲ್ಲಿ ಬಂದಾಗಲೇ ಎದ್ದು ಬಾಗಿಲಿಗೆ ಬನ್ನಿ, ಅದರ ಮುಂದಿನದೇ ಟ್ರಾಸ್ಟೆವೆರೆ. ಎರಡನೇ ರೈಲಿನಲ್ಲಿ ಸಾಂತಾ ಮರಿನೆಲ್ಲಾ ಬಿಟ್ಟಮೇಲೆ ಸಿದ್ಧರಾಗಿ. ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಿ.

---

ಹಗ್ಗ ಮತ್ತು ಲಂಗರು ಬರೆದದ್ದು:

ಮೇಲಿನವರು ಹೇಳಿದ ದಾರಿಯೇ ಸರಿ. ಎರಡನೇ ಪ್ರಶ್ನೆಗೆ ಸೇರಿಸುತ್ತೇನೆ, ಏಕೆಂದರೆ ಜನ ಎಡವುವುದು ಇಲ್ಲೇ. ರೈಲು ಇಳಿದ ಕೂಡಲೇ ಬಂದರು ಬಂತು ಅಂದುಕೊಳ್ಳುತ್ತಾರೆ. ಸ್ಟೇಷನ್ ಮುಂದಿನ ಸಮುದ್ರದ ದಂಡೆ ಹಿಡಿದು ಹತ್ತು ಹನ್ನೆರಡು ನಿಮಿಷ ನಡೆದರೆ ಹಳೇ ಕೋಟೆಯ ಹತ್ತಿರ ಬಂದರಿನ ಗೇಟು ಸಿಗುವುದು ನಿಜ, ದಾರಿ ಸಮತಟ್ಟಾಗಿಯೂ ಇದೆ. ಆದರೆ ಬಂದರು ಉದ್ದಕ್ಕೆ ಚಾಚಿಕೊಂಡಿದೆ, ದೊಡ್ಡ ಹಡಗುಗಳು ಗೇಟಿನಿಂದ ಎಷ್ಟೋ ದೂರ ನಿಂತಿರುತ್ತವೆ. ಲಗೇಜ್ ಎಳೆದುಕೊಂಡು ಅಲ್ಲಿಯವರೆಗೆ ನಡೆಯುವ ಮಾತೇ ಬೇಡ.

ಕ್ರಮ ಹೀಗೆ: ಸ್ಟೇಷನ್ ಹೊರಗಿನಿಂದ ಲಾರ್ಗೊ ಡೆಲ್ಲಾ ಪಾಚೆ ಎಂಬ ಬಂದರಿನ ಶಟಲ್ ನಿಲ್ದಾಣಕ್ಕೆ ಬಸ್ಸು, ಇದಕ್ಕೆ ಟಿಕೆಟ್ ಇದೆ. ಅಲ್ಲಿಂದ ಹಡಗಿನವರೆಗೆ ಬಂದರಿನವರ ಶಟಲ್, ಅದು ಪುಕ್ಕಟೆ. ಒಂದೇ ದಿನ ಮೂರು ನಾಲ್ಕು ಹಡಗು ಬಂದಿರುತ್ತವೆ, ಶಟಲ್‌ಗಳೂ ಬೇರೆ ಬೇರೆ. ಹತ್ತುವ ಮುಂಚೆ ಡ್ರೈವರ್‌ಗೆ ನಿಮ್ಮ ಹಡಗಿನ ಹೆಸರು ಹೇಳಿ ಖಚಿತ ಮಾಡಿಕೊಳ್ಳಿ.

ನಿಮ್ಮ ಹಡಗು ಮಾರನೇ ದಿನ ಇರುವುದರಿಂದ ರೋಮ್‌ನಲ್ಲಿ ತಂಗುವುದಕ್ಕಿಂತ ಚಿವಿಟಾವೆಕ್ಕಿಯಾದಲ್ಲೇ ತಂಗಿ. ಒಂದೇ ಸಲ ಲಗೇಜ್ ಸಾಗಿಸಿದರೆ ಮುಗಿಯಿತು. ಹಡಗಿನ ದಿನ ಬೆಳಿಗ್ಗೆ ರೈಲು ತಡವಾದರೂ, ರದ್ದಾದರೂ ನಿಮಗೆ ಸಂಬಂಧವಿಲ್ಲ. ಕೋಣೆ ಹುಡುಕುವಾಗ ಎರಡು ವಿಷಯ ನೋಡಿ: ಸ್ಟೇಷನ್ನಿಗೆ ಹತ್ತಿರವೇ, ಕಟ್ಟಡದಲ್ಲಿ ಲಿಫ್ಟ್ ಇದೆಯೇ. ಹಳೇ ಕಟ್ಟಡದ ಮೂರನೇ ಮಹಡಿಗೆ ನಾಲ್ಕು ಸೂಟ್‌ಕೇಸ್ ಹೊತ್ತರೆ ಉಳಿಸಿದ ದುಡ್ಡಿನ ಸುಖ ಅಲ್ಲೇ ಹೋಗುತ್ತದೆ.

ಮಾರನೇ ದಿನ ಕೋಣೆಯಿಂದ ಹಡಗಿಗೆ ಟ್ಯಾಕ್ಸಿಯನ್ನೇ ಮಾಡಿ. ದೂರ ಕಡಿಮೆ, ನಾಲ್ಕು ಜನ ಹಂಚಿಕೊಂಡರೆ ದೊಡ್ಡ ಮೊತ್ತವಲ್ಲ. ದರ ಮೊದಲೇ ಕೇಳಿ, ಲಗೇಜ್ ಸೇರಿಸಿ ಹೇಳಿಸಿಕೊಳ್ಳಿ. ಉದ್ದದ ದಾರಿಯಲ್ಲಿ ಉಳಿಸಿ, ಕೊನೆಯ ಎರಡು ಮೂರು ಕಿಲೋಮೀಟರಿಗೆ ಖರ್ಚು ಮಾಡಿ. ಹಿರಿಯರು ಜೊತೆಗಿದ್ದಾಗ ಇದೇ ಸರಿಯಾದ ಲೆಕ್ಕ.

ಕ್ರೂಸ್ ಕಂಪನಿ ಕಳಿಸುವ ಲಗೇಜ್ ಚೀಟಿಯನ್ನು ಮನೆಯಲ್ಲೇ ಕಟ್ಟಿಕೊಂಡು ಹೊರಡಬೇಡಿ. ರೈಲಿನ ನೂಕಾಟದಲ್ಲಿ ಕಾಗದ ಹರಿಯುತ್ತದೆ, ಹೆಸರು, ಕೋಣೆ ನಂಬರ್ ದಾರಿಯುದ್ದಕ್ಕೂ ಎಲ್ಲರಿಗೂ ಕಾಣುತ್ತದೆ. ಪ್ರಿಂಟ್ ತೆಗೆದು ಮಡಚಿ, ಪಾರದರ್ಶಕ ಟೇಪ್ ಸುತ್ತಿ ಕೈಚೀಲದಲ್ಲಿಡಿ. ಕೊನೆಯ ಬೆಳಿಗ್ಗೆ ಹಿಡಿಕೆಗೆ ಸುತ್ತಿ ಸ್ಟೇಪ್ಲರ್ ಹೊಡೆಯಿರಿ. ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್‌ಗಳು ದೊಡ್ಡ ಲಗೇಜ್ ತೆಗೆದುಕೊಳ್ಳುತ್ತಾರೆ, ಅದು ಕೋಣೆಗೆ ಬರುವಾಗ ಸಂಜೆಯೋ ರಾತ್ರಿಯೋ ಆಗಬಹುದು. ಪಾಸ್‌ಪೋರ್ಟ್, ಔಷಧಿ, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ ಕೈಯಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹಾಕಬೇಡಿ. ಸ್ಕ್ಯಾನ್‌ನಲ್ಲಿ ಕಂಡರೆ ಆ ಸೂಟ್‌ಕೇಸನ್ನೇ ತಡೆಹಿಡಿಯುತ್ತಾರೆ.

---

ಲೆಕ್ಕ ಪಕ್ಕಾ ಬರೆದದ್ದು:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾಲ್ಕು ಜನಕ್ಕೆ ರೈಲಿಗೆ ಸುಮಾರು 52 ಯೂರೋ. ಏರ್‌ಪೋರ್ಟ್‌ನಿಂದ ನೇರ ಟ್ಯಾಕ್ಸಿ ನೂರು ದಾಟುತ್ತದೆ, ನಾಲ್ಕು ಜನ ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಸಾದಾ ಕಾರು ಸಾಲದೆ ವ್ಯಾನ್ ಬೇಕು, ಇನ್ನೂ ಹೆಚ್ಚು. ಆದ್ದರಿಂದ ರೈಲು ಅಗ್ಗ ಅನ್ನುವುದು ಸರಿ. ಆದರೆ ಹಿರಿಯರಲ್ಲಿ ಯಾರಿಗಾದರೂ ಮಂಡಿನೋವು ಇದ್ದರೆ ಟ್ರಾಸ್ಟೆವೆರೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸುವ ಸಬ್‌ವೇ, ರೈಲು ಹತ್ತಿ ಇಳಿಯುವುದು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಬ್ಬರು ಗಟ್ಟಿಮುಟ್ಟಾದವರು ನಾಲ್ಕು ಸೂಟ್‌ಕೇಸ್ ನಿಭಾಯಿಸಬಹುದು, ಅದರ ಮೇಲೆ ಒಬ್ಬರ ಕೈಯನ್ನೂ ಹಿಡಿದುಕೊಳ್ಳಬೇಕು ಅಂದರೆ ಕಷ್ಟ. ನಾಲ್ಕನ್ನು ಮೂರಕ್ಕಿಳಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಹಡಗಿನಲ್ಲಿ ಬಟ್ಟೆ ಒಗೆಸಬಹುದು.

ಇನ್ನೊಂದು: ಟಿಕೆಟ್ ಯಂತ್ರದ ಹತ್ತಿರ ‘ಸಹಾಯ’ಕ್ಕೆ ಬರುವವರು, ಕೇಳದೆ ಸೂಟ್‌ಕೇಸ್ ಎತ್ತಿ ರೈಲಿನೊಳಗೆ ಇಟ್ಟು ಆಮೇಲೆ ದುಡ್ಡು ಕೇಳುವವರು ಇರುತ್ತಾರೆ. ಮೊದಲೇ ಗಟ್ಟಿಯಾಗಿ ಬೇಡ ಅನ್ನಿ.

---

ಅಲೆಗಳ ಜೊತೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಸೂಟ್‌ಕೇಸ್ ಮೂರು ಮಾಡುತ್ತೇವೆ, ಚಿವಿಟಾವೆಕ್ಕಿಯಾದಲ್ಲೇ ತಂಗುತ್ತೇವೆ. ವಾಪಸ್ ದಾರಿ ಬಗ್ಗೆ ಯಾರಾದರೂ ಹೇಳಿ. ಇಟಲಿಯಲ್ಲಿ ಮುಷ್ಕರ ಜಾಸ್ತಿ ಅಂತಲೂ ಕೇಳಿದ್ದೇನೆ.

---

ಹಳಿ ಬದಲು ಬರೆದದ್ದು:

1 ಗಂಟೆಯ ವಿಮಾನ ಬಿಗಿ. ಹಡಗು ಬೆಳಗಿನ ಜಾವ ಕಟ್ಟೆಗೆ ಬಂದರೂ ಇಳಿಯಲು ಬಿಡುವುದು ಅಧಿಕಾರಿಗಳ ಅನುಮತಿ ಸಿಕ್ಕಮೇಲೆ. ಹಿಂದಿನ ರಾತ್ರಿ ಸೂಟ್‌ಕೇಸನ್ನು ಕೋಣೆಯ ಹೊರಗೆ ಇಡುವ ಪದ್ಧತಿಗೆ ಒಪ್ಪಿದರೆ ನಿಮ್ಮ ಗುಂಪಿನ ಸರದಿ ಬರುವವರೆಗೆ ಕಾಯಬೇಕು, ಆಮೇಲೆ ಟರ್ಮಿನಲ್‌ನಲ್ಲಿ ಲಗೇಜ್ ಹುಡುಕಬೇಕು. ಅದರ ಬದಲು ಲಗೇಜನ್ನು ನೀವೇ ಎಳೆದುಕೊಂಡು ಇಳಿಯುವ ಗುಂಪಿಗೆ ಹೆಸರು ಕೊಡಿ, ಅವರನ್ನು ಮೊದಲು ಬಿಡುತ್ತಾರೆ. ಏಳೂವರೆಯೊಳಗೆ ಹೊರಬಿದ್ದರೆ ಶಟಲ್, ಬಸ್ಸು ದಾಟಿ ಎಂಟೂವರೆಯ ಸುಮಾರಿಗೆ ರೈಲು, ಹತ್ತೂವರೆಗೆ ಏರ್‌ಪೋರ್ಟ್. ಒಂದು ರೈಲು ತಪ್ಪಿದರೂ ನಿಭಾಯಿಸಬಹುದು, ಎರಡು ತಪ್ಪಿದರೆ ಆಗದು. ಒಂಬತ್ತರ ನಂತರ ಹಡಗಿನ ಜನವೆಲ್ಲ ಸ್ಟೇಷನ್ನಿಗೆ ನುಗ್ಗುತ್ತಾರೆ, ಟಿಕೆಟ್ ಸಾಲು ಉದ್ದವಾಗುತ್ತದೆ. ಟಿಕೆಟ್ ಹಿಂದಿನ ದಿನವೇ ಆ್ಯಪ್‌ನಲ್ಲಿ ತೆಗೆದಿಡಿ.

ಮುಷ್ಕರ ಇದ್ದರೆ ದಿನಗಳ ಮುಂಚೆಯೇ ಪ್ರಕಟಿಸುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9, ಈ ಅವಧಿಯಲ್ಲಿ ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು. ಭಾನುವಾರ, ರಜೆ ದಿನ ಈ ಭರವಸೆ ಇಲ್ಲ. ಹಾಗಾಗಿ ನೀವು ಇಳಿಯುವುದು ಭಾನುವಾರವಾಗಿದ್ದು ಮುಷ್ಕರದ ಸುದ್ದಿ ಇದ್ದರೆ ಯೋಚನೆ ಮಾಡದೆ ವ್ಯಾನ್ ಕಾಯ್ದಿರಿಸಿ.

---

ಹಗ್ಗ ಮತ್ತು ಲಂಗರು ಬರೆದದ್ದು:

ಬೇರೆ ಬಂದರಿನವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಜಾಹೀರಾತಿನ ಊರಿನ ಹೆಸರು ನಂಬಬೇಡಿ, ಟರ್ಮಿನಲ್‌ನ ಹೆಸರು ಕೇಳಿ. ‘ಲಂಡನ್’ ಅಂದರೆ ಹೆಚ್ಚಾಗಿ ಸೌತಾಂಪ್ಟನ್, ‘ಪ್ಯಾರಿಸ್’ ಅಂದರೆ ಲ ಹಾವ್ರ್, ‘ಬ್ಯಾಂಕಾಕ್’ ಅಂದರೆ ಹಲವು ಸಲ ಲೇಮ್ ಚಬಾಂಗ್. ಹೀಥ್ರೂದಿಂದ ಸೌತಾಂಪ್ಟನ್‌ಗೆ ನೇರ ರೈಲಿಲ್ಲ, ಲಗೇಜ್ ಕೆಳಗಿನ ಡಿಕ್ಕಿಯಲ್ಲಿ ಹಾಕುವ ನೇರ ಕೋಚ್ ಬಸ್ಸೇ ಸುಲಭ. ಸಿಂಗಪುರದಲ್ಲಿ ಮರೀನಾ ಬೇ ಟರ್ಮಿನಲ್‌ಗೆ ಮರೀನಾ ಸೌತ್ ಪಿಯರ್ ಮೆಟ್ರೊ, ಇನ್ನೊಂದು ಟರ್ಮಿನಲ್‌ಗೆ ಹಾರ್ಬರ್‌ಫ್ರಂಟ್ ಮೆಟ್ರೊ. ಯೊಕೊಹಾಮಾದಲ್ಲಿ ಒಸಾನ್‌ಬಾಶಿ ಕಟ್ಟೆಗೆ ನಿಹೊನ್ ಒದೊರಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆದರೆ ಬೇ ಬ್ರಿಜ್‌ನ ಕೆಳಗೆ ನುಸುಳಲಾಗದ ಎತ್ತರದ ಹಡಗುಗಳು ದೈಕೊಕು ಕಟ್ಟೆಯಲ್ಲಿ ನಿಲ್ಲುತ್ತವೆ, ಅಲ್ಲಿಗೆ ನಡೆದು ಹೋಗುವ ದಾರಿಯಿಲ್ಲ. ಟಿಕೆಟ್‌ನಲ್ಲಿ ಟರ್ಮಿನಲ್ ಹೆಸರು ಇಲ್ಲದಿದ್ದರೆ ಹೊರಡುವ ವಾರ ಕಂಪನಿಗೆ ಮತ್ತೊಮ್ಮೆ ಬರೆದು ಕೇಳಿ, ಕೊನೆಗಳಿಗೆಯಲ್ಲಿ ಕಟ್ಟೆ ಬದಲಾಗುವುದೂ ಉಂಟು.