ಅಪ್‌ಡೇಟ್: ಅಣ್ಣನ ಅಂಗವೈಕಲ್ಯ ಪಿಂಚಣಿ

ಸೈನ್ಯದಿಂದ ಡಿಪ್ರೆಶನ್ ಕಾರಣಕ್ಕೆ ಬೀದರಿಗೆ ಮರಳಿದ ಅಣ್ಣನಿಗೆ ಪಿಂಚಣಿ ತಿರಸ್ಕಾರವಾಗಿದೆ, ಮೇಲ್ಮನವಿ ಹಾಕಬಹುದಾ ಅಂತ ಕೇಳಿದ್ದೆ ಅಲ್ವಾ? ಹಾಕಿದ್ದೇವೆ.

ಮೆಡಿಕಲ್ ಬೋರ್ಡ್ ಕಾಗದ ತರಿಸಿ ನೋಡಿದೆವು. ಅಂಗವೈಕಲ್ಯ 40% ಅಂತ ಒಪ್ಪಿದ್ದಾರೆ. ಪಕ್ಕದ ಕಾಲಂನಲ್ಲಿ ‘ಸೇವೆಗೆ ಸಂಬಂಧವಿಲ್ಲ’ ಅಂತ ಬರೆದಿದ್ದಾರೆ. ಯಾಕೆ? ಒಂದು ಸಾಲೂ ಇಲ್ಲ. ನಮ್ಮ ವಾದ ನಿಂತಿರುವುದೇ ಇದರ ಮೇಲೆ. ಭರ್ತಿಯಾಗುವಾಗ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಿಂದಲೇ ಬಂದದ್ದು ಅಂತ ಮೊದಲು ಒಪ್ಪಬೇಕು, ಅಲ್ಲ ಅನ್ನುವವರೇ ಕಾರಣ ಕೊಡಬೇಕು ಅಂತ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿದ್ದದ್ದು ಫಿಟ್ಸ್. ಮನಸ್ಸಿನ ಕಾಯಿಲೆಗೂ ಇದು ನಡೆಯುತ್ತದೆ ಅಂದರು ವಕೀಲರು. ಈ ಪಿಂಚಣಿ ಸಿಗುವುದನ್ನು ಬಿಗಿ ಮಾಡಿದ 2023ರ ಸೆಪ್ಟೆಂಬರ್‌ನ ಹೊಸ ನಿಯಮಕ್ಕೆ ಮೊದಲೇ ಅಣ್ಣ ಹೊರಬಂದದ್ದು ಒಳ್ಳೆಯದೇ ಆಯಿತು.

ನಿಜವಾಗಿ ತಡವಾಗಿದ್ದು ಕಾನೂನಿನಿಂದಲ್ಲ. ‘ಊರಲ್ಲಿ ಹುಚ್ಚ ಅಂತಾರೆ’ ಅಂತ ಅಣ್ಣ ಮೇಲ್ಮನವಿಗೆ ಸಹಿ ಹಾಕಲು ಒಲ್ಲೆ ಅಂತಿದ್ದ. ವೈನಿ ಕಪ್ಪು ಟ್ರಂಕಿನಿಂದ ಭರ್ತಿಯ ಕಾಗದ ತೆಗೆದು, ಪೆನ್ನಿನ ಸಮೇತ ಅವನ ಊಟದ ತಟ್ಟೆ ಪಕ್ಕ ಇಟ್ಟರು. ಬೈಯುತ್ತಲೇ ಹಾಕಿದ.

ಮಾತ್ರೆ ತಪ್ಪಿಸುತ್ತಿಲ್ಲ. ರಾತ್ರಿ ಜಾಸ್ತಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡುತ್ತಾನೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಮೇಲ್ಮನವಿಯನ್ನೂ ಒಪ್ಪದಿದ್ದರೆ ಎರಡನೇ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ.