ಗ್ಯಾಸ್ ಅರ್ಧಕ್ಕಿಂತ ಕೆಳಗಿಳಿದಿದೆ, ಪ್ರೊಪಿಯೋನೇಟ್ ಏರ್ತಾನೇ ಇದೆ, ಏನು ಮಾಡಲಿ?

ಡಬ್ಬಿವಿಜ್ಞಾನಿ:
ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಅಂತ 20 ಲೀಟರಿನ ಡೈಜೆಸ್ಟರ್ (ಗಾಳಿಯಾಡದೆ ಕೊಳೆಸಿ ಬಯೋಗ್ಯಾಸ್ ಮಾಡೋ ಡಬ್ಬಿ) ಕಟ್ಟಿದ್ದೀನಿ. ಹೀಟರ್ ಹಾಕಿ 37 ಡಿಗ್ರಿಯಲ್ಲಿ ಇಟ್ಟಿದ್ದೀನಿ. ಸಗಣಿ ಹಾಕಿ ಶುರು ಮಾಡಿದ್ದು, ಈಗ ಬರೀ ತರಕಾರಿ ಸಿಪ್ಪೆ ರುಬ್ಬಿ ಹಾಕ್ತೀನಿ. ನಾಲ್ಕು ತಿಂಗಳು ದಿನಕ್ಕೆ ಸುಮಾರು 15 ಲೀಟರ್ ಗ್ಯಾಸ್ ಬರ್ತಿತ್ತು. ಮೂರು ವಾರದಿಂದ ಇಳೀತಾ ಇಳೀತಾ 6ಕ್ಕೆ ಬಂದು ನಿಂತಿದೆ. ಬೆಂಕಿ ಹಚ್ಚಿದ್ರೆ ಒಂದು ಕ್ಷಣ ಉರಿದು ಆರಿಹೋಗುತ್ತೆ. ಪಿಎಚ್ 7.2 ಇದ್ದದ್ದು 6.4 ಆಗಿದೆ, ಮುಚ್ಚಳ ತೆಗೆದ್ರೆ ಮೂಗಿಗೆ ಹೊಡೆಯೋ ಹುಳಿ ವಾಸನೆ. ಒಂದು ಲ್ಯಾಬಲ್ಲಿ ಪರೀಕ್ಷೆ ಮಾಡಿಸಿದೆ: ಲೀಟರಿಗೆ ಅಸಿಟೇಟ್ 700 ಮಿಗ್ರಾಂ, ಪ್ರೊಪಿಯೋನೇಟ್ 2,900 (ಎರಡೂ ಸಿಪ್ಪೆ ಕೊಳೆಯುವಾಗ ನಡುವೆ ಹುಟ್ಟೋ ಆಮ್ಲಗಳು). ಎರಡು ಸಲ ಬೇರೆ ಕಡೆಯಿಂದ ಹೊಸ ಕೆಸರು ತಂದು ಸುರಿದೆ. ಎರಡು ದಿನ ಗ್ಯಾಸ್ ಏರುತ್ತೆ, ಮತ್ತೆ ಅದೇ ಕಥೆ. ಬೇರೆ ಏನೂ ಬದಲಾಯಿಸಿಲ್ಲ.

ತಳದಕೆಸರು:
"ಬೇರೆ ಏನೂ ಬದಲಾಯಿಸಿಲ್ಲ" ಅನ್ನೋ ಮಾತನ್ನ ನಂಬೋದು ಬಿಟ್ಟು ಬಹಳ ವರ್ಷ ಆಯ್ತು 🙂 ಪೈಪು, ಮೋಟಾರು, ಮುಚ್ಚಳ ಯಾವುದನ್ನಾದರೂ ಮುಟ್ಟಿದ್ರಾ? ಇನ್ನೊಂದು ಕೆಲಸ ಮಾಡಿ: ಒಂದು ಗಾಜಿನ ಲೋಟದಲ್ಲಿ ಒಳಗಿನ ದ್ರವ ತುಂಬಿಸಿ ಅಲ್ಲಾಡಿಸದೆ ಹದಿನೈದು ನಿಮಿಷ ಇಡಿ.

ಡಬ್ಬಿವಿಜ್ಞಾನಿ:
ಅಯ್ಯೋ ಹೌದು ಸರ್. ಮೇಲೆ ಕೆನೆ ಕಟ್ತಿತ್ತು ಅಂತ, ದಿನಕ್ಕೆರಡು ಸಲ ಕೈಯಲ್ಲಿ ತಿರುಗಿಸೋದು ಬಿಟ್ಟು ಹಳೇ ಡ್ರಿಲ್ ಮೋಟಾರ್ ಕೂರಿಸಿದೆ. ಐದು ವಾರ ಆಯ್ತು, ಹಗಲೂ ರಾತ್ರಿ ಓಡ್ತಿದೆ. ಅದು ಒಳ್ಳೇದೇ ತಾನೆ ಅಂತ ಬರೆಯಲಿಲ್ಲ. ಲೋಟದ್ದು ಕೂಡಾ ನೋಡಿದೆ. ಮೊದಲೆಲ್ಲ ಹತ್ತು ನಿಮಿಷಕ್ಕೆ ಕಪ್ಪು ಉಂಡೆಗಳು ತಳಕ್ಕೆ ಕೂತು ಮೇಲೆ ತಿಳಿನೀರು ಬರ್ತಿತ್ತು. ಈಗ ಅರ್ಧ ಗಂಟೆ ಆದ್ರೂ ಮಣ್ಣು ಕಲಸಿದ ನೀರಿನ ಥರ ಹಾಗೇ ಇದೆ.

ತಳದಕೆಸರು:
ಸಿಕ್ತು. ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡ ಆ ಉಂಡೆಗಳೇ ನಿಮ್ಮ ಡೈಜೆಸ್ಟರ್. ಮೋಟಾರ್ ಅವನ್ನ ಒಡೆದು ಹಾಕಿದೆ ಅನ್ನೋದು ನನ್ನ ಅಂದಾಜು.

ಯಾಕೆ ಅಂದ್ರೆ, ಆಮ್ಲಜನಕ ಇಲ್ಲದ ಕಡೆ ಒಂದೇ ಜೀವಿ ಸಿಪ್ಪೆಯಿಂದ ಮೀಥೇನ್‌ವರೆಗೆ ಎಲ್ಲ ಕೆಲಸ ಮಾಡಲ್ಲ. ಪ್ರೊಪಿಯೋನೇಟ್ ತಿನ್ನೋ ಬ್ಯಾಕ್ಟೀರಿಯಾ (ಸಿಂಟ್ರೋಫೋಬ್ಯಾಕ್ಟರ್ ಅಂಥವು) ಅದನ್ನ ಅಸಿಟೇಟ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಮಾಡುತ್ತೆ. ಪ್ರಮಾಣಿತ ಸ್ಥಿತಿಯಲ್ಲಿ ಲೆಕ್ಕ ಹಾಕಿದ್ರೆ ಈ ಕ್ರಿಯೆಗೆ ಒಂದು ಮೋಲಿಗೆ ಸುಮಾರು 76 ಕಿಲೋಜೂಲ್ ಕೈಯಿಂದ ಹಾಕಬೇಕು, ಅಂದ್ರೆ ತಿಂದಷ್ಟೂ ನಷ್ಟ. ಲಾಭ ಆಗಬೇಕಾದ್ರೆ ಹುಟ್ಟಿದ ಹೈಡ್ರೋಜನ್ನನ್ನ ಪಕ್ಕದವರು ಆಗಿಂದಾಗ ಎತ್ತಿಕೊಂಡು ಹೋಗ್ತಿರಬೇಕು. ಆ ಪಕ್ಕದವರು ಮೀಥೇನ್ ಮಾಡೋ ಆರ್ಕಿಯಾಗಳು (ಬ್ಯಾಕ್ಟೀರಿಯಾ ಥರ ಕಾಣೋ ಬೇರೆ ಗುಂಪಿನ ಸೂಕ್ಷ್ಮಜೀವಿಗಳು). ಹೈಡ್ರೋಜನ್ ಒತ್ತಡ ಸುಮಾರು 10 ಪಾಸ್ಕಲ್‌ಗಿಂತ, ಅಂದ್ರೆ ವಾಯುಮಂಡಲದ ಒತ್ತಡದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೆ ಇದ್ರೆ ಮಾತ್ರ ಪ್ರೊಪಿಯೋನೇಟ್ ಖರ್ಚಾಗುತ್ತೆ. ಇಬ್ಬರ ಲೆಕ್ಕ ಕೂಡಿದಾಗ ಪ್ರೊಪಿಯೋನೇಟ್ ಮೋಲಿಗೆ ಉಳಿಯೋದು ಸುಮಾರು 26 ಕಿಲೋಜೂಲ್. ಅಷ್ಟರಲ್ಲಿ ಒಂದು ಎಟಿಪಿ (ಜೀವಕೋಶ ಶಕ್ತಿ ಕೂಡಿಡೋ ಅಣು) ಕಟ್ಟೋಕೂ ಆಗಲ್ಲ, ಅದನ್ನೂ ಇಬ್ಬರು ಹಂಚ್ಕೋಬೇಕು. ಅದಕ್ಕೇ ಇವು ಇಷ್ಟು ನಿಧಾನ ಬೆಳೆಯೋದು.

ಅಕ್ಕಪಕ್ಕ ಅಂಟಿಕೊಂಡಿದ್ದಾಗ ಹೈಡ್ರೋಜನ್ ದಾಟಬೇಕಾದ ದೂರ ಒಂದೆರಡು ಮೈಕ್ರಾನ್. ಉಂಡೆ ಒಡೆದು ಚೆದುರಿದ ಮೇಲೆ ಅದರ ಹತ್ತಾರು ಪಟ್ಟು. ಕೊಡುವವನ ಸುತ್ತ ಹೈಡ್ರೋಜನ್ ಕಟ್ಟಿಕೊಂಡರೆ ಅವನು ಕೆಲಸ ನಿಲ್ಲಿಸ್ತಾನೆ. ನಿಮ್ಮ ಅಸಿಟೇಟ್ ಅಷ್ಟೇನೂ ಏರಿಲ್ಲ ನೋಡಿ. ಮೀಥೇನ್ ಮಾಡುವವರು ಎಲ್ಲರೂ ಸತ್ತಿದ್ರೆ ಅದೂ ಗುಡ್ಡೆ ಬೀಳ್ತಿತ್ತು. ಹೊಸ ಕೆಸರು ಸುರಿದಾಗ ಎರಡು ದಿನ ಗ್ಯಾಸ್ ಬಂದದ್ದೂ ಇದಕ್ಕೆ ಹೊಂದುತ್ತೆ: ಅದು ಉಂಡೆ ಕಟ್ಟಿಕೊಂಡೇ ಬಂತು, ಡ್ರಿಲ್ ಎರಡು ದಿನದಲ್ಲಿ ಅದನ್ನೂ ಒಡೆದು ಹಾಕಿತು.

ಇನ್ನೊಂದು ವಿಷಯ ನಾನೇ ಬಹಳ ಸಲ ಹೇಳ್ತಿರ್ತೀನಿ, ಬೇಸರ ಆದ್ರೆ ಬಿಟ್ಟುಬಿಡಿ. ಎಥನಾಲ್ ತಿಂದು ಮೀಥೇನ್ ಬಿಡೋ ಮೆಥನೋಬ್ಯಾಸಿಲಸ್ ಒಮೆಲಿಯಾನ್‌ಸ್ಕಿ ಅನ್ನೋದು ಒಂದೇ ಜೀವಿ ಅಂತ ದಶಕಗಟ್ಟಲೆ ನಂಬಿದ್ರು. 1967ರಲ್ಲಿ ಬ್ರಯಾಂಟ್ ಮತ್ತು ಜೊತೆಗಾರರು ಬಿಡಿಸಿ ನೋಡಿದ್ರೆ ಅಲ್ಲಿದ್ದದ್ದು ಇಬ್ಬರು! ಒಬ್ಬ ಎಥನಾಲ್‌ನಿಂದ ಹೈಡ್ರೋಜನ್ ಮಾಡುವವನು, ಇನ್ನೊಬ್ಬ ಆ ಹೈಡ್ರೋಜನ್‌ನಿಂದ ಮೀಥೇನ್ ಮಾಡುವವನು. ಮೊದಲನೆಯವನನ್ನ ಒಂಟಿಯಾಗಿ ಎಥನಾಲಿನಲ್ಲಿ ಬಿಟ್ಟರೆ ತಾನು ಬಿಟ್ಟ ಹೈಡ್ರೋಜನ್ನಿಗೇ ಸಿಕ್ಕಿ ಸೊರಗ್ತಿದ್ದ. ನಿಮ್ಮ ಡಬ್ಬಿಯಲ್ಲಿ ಈಗ ನಡೀತಿರೋದೂ ಅದೇ.

ಮಾಡಬೇಕಾದ್ದು: ಮೋಟಾರ್ ಇವತ್ತೇ ನಿಲ್ಲಿಸಿ, ಸಿಪ್ಪೆ ಹಾಕೋದು ಪೂರ್ತಿ ಬಿಡಿ. ಅಡುಗೆ ಸೋಡಾ 20 ಗ್ರಾಂ ನೀರಲ್ಲಿ ಕರಗಿಸಿ ಹಾಕಿ, ಮರುದಿನ ಪಿಎಚ್ ನೋಡಿ, 6.9 ದಾಟೋವರೆಗೆ ಹೀಗೇ. ಒಟ್ಟು 100 ಗ್ರಾಂ ಮೀರಬೇಡಿ, ಸೋಡಿಯಂ ಜಾಸ್ತಿಯಾದ್ರೆ ಅದೂ ಕಷ್ಟ. ಸುಣ್ಣ ಬೇಡ. ಅದು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಒಳಗೆ ಒತ್ತಡ ಇಳಿಸುತ್ತೆ, ಸಂದಿಯಿಂದ ಗಾಳಿ ನುಗ್ಗುತ್ತೆ.

ಕರಿಪುಡಿ:
ಆಕ್ಟಿವೇಟೆಡ್ ಕಾರ್ಬನ್ ಹಾಕಿದ್ರೆ? ಹೈಡ್ರೋಜನ್ ಇಲ್ಲದೆ ಎಲೆಕ್ಟ್ರಾನ್‌ಗಳೇ ನೇರ ದಾಟುತ್ತವಂತಲ್ಲ.

ತಳದಕೆಸರು:
ದಾಟುತ್ತವೆ. ಜಿಯೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ ಎರಡು ಪ್ರಭೇದಗಳ ನಡುವೆ ಅದು ನಡೆಯುತ್ತೆ ಅಂತ 2010ರಲ್ಲಿ ತೋರಿಸಿದ್ರು, ಆಮೇಲೆ ಮೀಥೇನ್ ಮಾಡುವವರ ಜೊತೆಗೂ. ಕಾರ್ಬನ್ ಕಣ ತಂತಿಯ ಥರ ನಡುವೆ ನಿಲ್ಲುತ್ತೆ. ಆದ್ರೆ ಈಗ ಹಾಕಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ನನಗೆ ಇದಕ್ಕಿಂತ ಹೆಚ್ಚು ಅನುಮಾನ ಇರೋದು ಬರೀ ಸಿಪ್ಪೆಯ ಬಗ್ಗೆ: ಅದರಲ್ಲಿ ಈ ಜೀವಿಗಳಿಗೆ ಬೇಕಾದ ಕೋಬಾಲ್ಟ್, ನಿಕ್ಕಲ್, ಸೆಲೆನಿಯಂ ಕಡಿಮೆ ಬೀಳಬಹುದು, ಆಗಲೂ ಪ್ರೊಪಿಯೋನೇಟೇ ಮೊದಲು ಏರೋದು. ವಾರಕ್ಕೊಮ್ಮೆ ಒಂದು ಹಿಡಿ ಸಗಣಿ ಸೇರಿಸಿದ್ರೆ ನಷ್ಟ ಇಲ್ಲ.

ಡಬ್ಬಿವಿಜ್ಞಾನಿ (26 ದಿನ ಆದಮೇಲೆ):
ಸೋಡಾ ಒಟ್ಟು 60 ಗ್ರಾಂ ಹಿಡೀತು, ಪಿಎಚ್ 7.0. ಒಂಬತ್ತನೇ ದಿನ ಆಸೆ ತಡೀದೆ ಸಿಪ್ಪೆ ಹಾಕಿದೆ, ಮತ್ತೆ 6.7ಕ್ಕೆ ಬಿತ್ತು. ಬೈಯಬೇಡಿ. ಆಮೇಲೆ ಸುಮ್ಮನಿದ್ದೆ. ನಿನ್ನೆ ಪರೀಕ್ಷೆ: ಪ್ರೊಪಿಯೋನೇಟ್ 1,150. ಜ್ವಾಲೆ ನಿಲ್ತಿದೆ, ನೀಲಿ ಬಣ್ಣ. ಲೋಟದಲ್ಲಿ ತಳಕ್ಕೆ ಕೂರೋಕೆ ಇನ್ನೂ ಇಪ್ಪತ್ತು ನಿಮಿಷ ಬೇಕು, ಆದ್ರೆ ಸಾಸಿವೆ ಕಾಳಿನಷ್ಟು ಉಂಡೆ ಕಾಣ್ತಿವೆ. ಈಗ ಅರ್ಧ ಪ್ರಮಾಣದಲ್ಲಿ ಶುರು ಮಾಡಬಹುದಾ?

ತಳದಕೆಸರು:
ಕಾಲು ಭಾಗ. ಪ್ರೊಪಿಯೋನೇಟ್ 500ಕ್ಕಿಂತ ಕೆಳಗೆ ಇಳಿದ ಮೇಲೆ ಅರ್ಧ. ಡ್ರಿಲ್ ವಾಪಸ್ ಪೆಟ್ಟಿಗೆಗೆ ಹೋಯ್ತು ತಾನೆ?