ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಏನಾದರೂ ಕಲಿಯುತ್ತಾರಾ? ಅನುಭವ ಹೇಳಿ

ರಾಯಚೂರಿನಿಂದ ಪ್ರಶ್ನೆ: ಮಗನಿಗೆ 10 ವರ್ಷ. ರಜೆ ಬಂದರೆ ಸಾಕು, ಮೈನ್‌ಕ್ರಾಫ್ಟ್ (ಚೌಕ ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಕಟ್ಟುವ ವಿಡಿಯೊ ಗೇಮ್) ಬಿಟ್ಟು ಏಳಲ್ಲ. ಬಿಡಿಸಬೇಕಾ, ಆಡಲಿ ಅಂತ ಸುಮ್ನೆ ಇರಬೇಕಾ? ಇದರಿಂದ ಏನಾದರೂ ಕಲಿಯೋದು ಇದೆಯಾ?

ಸಿಂಧನೂರಿನಿಂದ: ಖಂಡಿತ ಇದೆ. ನಮ್ಮದು ಭತ್ತದ ಊರು, ಮಗಳು ಆಟದಲ್ಲೂ ಹೊಲ ಮಾಡಲು ಹೊರಟಳು. ಆ ಆಟದಲ್ಲಿ ಸಮತಟ್ಟು ನೆಲದ ಮೇಲೆ ನೀರು 7 ಬ್ಲಾಕ್ ಹರಿದು ನಿಂತುಬಿಡುತ್ತದೆ. ಅವಳ ಕಾಲುವೆ ಅರ್ಧಕ್ಕೇ ನಿಂತಿತು. ಮುಖ ಊದಿಸಿಕೊಂಡು ಕೂತಳು. ಆಮೇಲೆ ನೀರು ನಿಂತ ಕಡೆಯಿಂದ ಮುಂದಕ್ಕೆ ಒಂದು ಬ್ಲಾಕ್ ಆಳ ಅಗೆದು ನೋಡಿದಳು. ನೀರು ಕೆಳಕ್ಕೆ ಬಿದ್ದು ಮತ್ತೆ 7 ಬ್ಲಾಕ್ ಮುಂದೆ ಹೋಯಿತು. ಕಾಲುವೆಗೆ ಇಳಿಜಾರು ಬೇಕು ಅನ್ನೋದು ಅವಳಿಗೆ ಹೊಳೆದದ್ದು ಹಾಗೆ. ನೀರಿನಿಂದ 4 ಬ್ಲಾಕ್ ಒಳಗಿನ ಹೊಲ ಮಾತ್ರ ಹಸಿಯಾಗುತ್ತದೆ. ಹಾಗಾಗಿ ಎರಡು ಕಾಲುವೆ ನಡುವೆ 8 ಸಾಲು ಬಿಡಬೇಕು ಅಂತ ಲೆಕ್ಕವನ್ನೂ ತಾನೇ ಹಾಕಿದಳು.

ನನಗೆ ಇನ್ನೂ ಖುಷಿಯಾದದ್ದು ಅವಳ ಪ್ರಶ್ನೆಗೆ. ಇಳಿಜಾರು ಸರಿಯಿದ್ದರೂ ನಮ್ಮ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ನೀರು ಯಾಕೆ ಮುಟ್ಟಲ್ಲ ಅಂತ ಕೇಳಿದಳು. ಆಟದಲ್ಲಿ ನೀರು ಎಷ್ಟು ಹರಿದರೂ ಖಾಲಿಯಾಗಲ್ಲ, ತುಂಗಭದ್ರಾ ಡ್ಯಾಮಿನದು ಆಗುತ್ತದೆ, ಮೇಲಿನವರು ಜಾಸ್ತಿ ಎಳೆದುಕೊಂಡರೆ ಕೆಳಗಿನವರಿಗೆ ಉಳಿಯಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದಕ್ಕೇ ಈ ಮಾತು ಬಂತು. ನೀವೂ ಒಂದಷ್ಟು ಹೊತ್ತು ಮಗನ ಪಕ್ಕ ಕೂತು ನೋಡಿ.

ಸಂಡೂರಿನಿಂದ: ನಮ್ಮಲ್ಲಿ ಅದಿರಿನ ಲಾರಿ ನೋಡದ ಮಗು ಇಲ್ಲ. ಆದರೆ ಅದಿರು ಕಬ್ಬಿಣ ಆಗಬೇಕಾದರೆ ಕುಲುಮೆಗೆ ಹೋಗಬೇಕು ಅಂತ ತಂಗಿ ಮಗನಿಗೆ ಗೊತ್ತಾಗಿದ್ದು ಆಟದಿಂದ. ಅಲ್ಲಿ ಒಂದು ಕಲ್ಲಿದ್ದಲಿಗೆ 8 ತುಂಡು ಅದಿರು ಕರಗುತ್ತದೆ. 64 ತುಂಡಿಗೆ ಎಷ್ಟು ಬೇಕು ಅಂದರೆ ಮಗ್ಗಿ ಅಂದರೆ ಓಡುವ ಹುಡುಗ ಥಟ್ಟನೆ 8 ಅಂದ! ನಿಜವಾದ ಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬರೀ ಕಾವಿಗಲ್ಲ, ಅದಿರಿನಲ್ಲಿರುವ ಆಮ್ಲಜನಕ ತೆಗೆಯುವುದಕ್ಕೂ ಬೇಕು. ಅದನ್ನು ಆಟ ಹೇಳಲ್ಲ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಮುಂದೆ ಬಸ್ಸಿನಲ್ಲಿ ಹೋಗುವಾಗ ನಾನು ಹೇಳಿದೆ.

ಕೊಪ್ಪಳದಿಂದ: ಆಡಲಿ, ಆದರೆ ಬೇರೆಯವರು ಆಡುವ ವಿಡಿಯೊ ನೋಡುತ್ತಾ ಕೂರುವುದು ಬೇಡ. ಅದರಲ್ಲಿ ಕೈಗೂ ತಲೆಗೂ ಕೆಲಸ ಇಲ್ಲ. ಗೊತ್ತಿಲ್ಲದವರ ಸರ್ವರ್ (ಆನ್‌ಲೈನ್‌ನಲ್ಲಿ ಸೇರಿ ಆಡುವ ಜಾಗ) ಬೇಡ, ಒಂದೇ ವೈಫೈನಲ್ಲಿ ಓಣಿಯ ಮಕ್ಕಳು ಸೇರಿ ಆಡಬಹುದು. ಫೋನಿಗೆ ಬ್ಯಾಂಕ್ ಕಾರ್ಡ್ ಜೋಡಿಸಿಡಬೇಡಿ, ಮಕ್ಕಳು ಆಟದೊಳಗೆ ಏನಾದರೂ ಕೊಂಡುಬಿಡಬಹುದು.

ನಮ್ಮ ಮಕ್ಕಳಿಬ್ಬರು ಇಟಗಿಯ ಮಹಾದೇವ ದೇವಾಲಯ ಕಟ್ಟುತ್ತಿದ್ದಾರೆ. 1112ರ ಗುಡಿ ಅದು. ಆಟದಲ್ಲಿ ಒಂದು ಬ್ಲಾಕ್ ಅಂದರೆ 1 ಮೀಟರ್, ಹಾಗಾಗಿ ಟೇಪ್ ಹಿಡಿದು ಅಳೆಯೋಕೆ ಕರ್ಕೊಂಡು ಹೋಗು ಅಂತ ಹಠ. ಹೋಗಿ ಬಂದೆವು. ಕೆತ್ತನೆಯ ಕಂಬವನ್ನು ಚೌಕ ಬ್ಲಾಕಿನಲ್ಲಿ ತೋರಿಸೋದು ಹೇಗೆ ಅಂತ ಈಗ ಇಬ್ಬರಿಗೂ ವಾದ ನಡೆದಿದೆ.

ಇನ್ನೊಂದು, ಟೈಮ್ ಆಯ್ತು ಅಂತ ಫೋನ್ ಕಿತ್ಕೊಳ್ಳಬೇಡಿ. ಕೈಯಲ್ಲಿರುವ ಗೋಡೆ ಮುಗಿಸಲು ಐದು ನಿಮಿಷ ಕೊಡಿ. ನಮ್ಮ ಮನೆಯಲ್ಲಿ ಜಗಳ ಕಡಿಮೆಯಾಗಿದ್ದು ಅದರಿಂದಲೇ.